ಮೂರನೇ ಕೋಣೆಯ ಕುರ್ಚಿ

ಮಂಗಳವಾರ ಹತ್ತಕ್ಕೆ ಶಾಲೆಯ ಬಸ್ಸು.
ನೋಡುವ ಮೊದಲೇ ಗೊತ್ತಾಗುತ್ತದೆ: ಕೆಳಗಿನ ಬಾಗಿಲು ತೆರೆದರೆ
ಬಾಲ್ಟಿಕ್ ಗಾಳಿ ಮೆಟ್ಟಿಲು ಹತ್ತಿ ನೇರ ನನ್ನ ಮೊಣಕಾಲಿಗೇ ಬರುತ್ತದೆ,
ಸಾಲ ಕೊಟ್ಟವನ ಹಾಗೆ.
ಲಿಯೆಪಾಯಾ ಊರೇ ಅಂಥದ್ದು. ಇಲ್ಲಿ ಗಾಳಿಗೆ ಟಿಕೆಟ್ಟಿಲ್ಲ.

ಆಮೇಲೆ ಇಪ್ಪತ್ತಮೂರು ಜೊತೆ ಬೂಟು,
ಯಾವಾಗಲೂ ಒಂಟಿಯಾಗಿ ಉಳಿಯುವ ಒಂದು ಕೈಗವಸು.
ಕುರ್ಚಿಯಲ್ಲಿ ನಾನು ಬೆನ್ನು ನೆಟ್ಟಗೆ ಮಾಡುತ್ತೇನೆ.
ನನ್ನ ಕೆಲಸ ಮೂರು ಮಾತಿನದು:
ಮುಟ್ಟಬೇಡಿ. ಓಡಬೇಡಿ. ಶೌಚಾಲಯ ಎಡಕ್ಕೆ.
ಹನ್ನೊಂದು ವರ್ಷದಲ್ಲಿ ನಾಲ್ಕನೆಯದು ಬೇಕಾಗಲಿಲ್ಲ.

ಅಗ್ನೆಸೆ ಬರುತ್ತಾಳೆ, ಕೊರಳಲ್ಲಿ ಗುರುತಿನ ಚೀಟಿ,
ಕೈಯಲ್ಲಿ ಬಣ್ಣದ ಕಾಗದ, ಮೊಂಡು ಪೆನ್ಸಿಲು;
ಚೂಪಾದದ್ದು ಚಿತ್ರಗಳಿಗೆ ಅಪಾಯವಂತೆ.
ದೊಡ್ಡ ಚಿತ್ರದೆದುರು ಎಲ್ಲರನ್ನೂ ನೆಲಕ್ಕೆ ಕೂರಿಸುತ್ತಾಳೆ:
ಬಿರುಗಾಳಿ, ಓರೆಯಾದ ದೋಣಿ, ಬಲೆ ಎಳೆಯುವ ಐವರು.
ನೂರ ಹದಿನೇಳು ವರ್ಷದ ಬಿರುಗಾಳಿ,
ದಿನಾ ಸಂಜೆ ನಾನೇ ದೀಪ ಆರಿಸಿ ಅದನ್ನು ಮಲಗಿಸುವವಳು.

"ಸಮುದ್ರ ಯಾವ ಬಣ್ಣ?"
"ನೀಲಿ," ಎನ್ನುತ್ತವೆ ಮಕ್ಕಳು, ನೋಡದೆಯೇ.
"ನೋಡಿ ಹೇಳಿ."
ಆಗ ಒಂದು ಮೌನ ಬರುತ್ತದಲ್ಲ,
ಸಂಬಳಕ್ಕಿಂತ ನನಗೆ ಅದು ಇಷ್ಟ.
ಹಸಿರು, ಎಂದಳು ಈ ಸಲ ಒಬ್ಬಳು. ಪಾಚಿ. ಬೂದಿ.
ಅಜ್ಜಿ ಪಾತ್ರೆ ತೊಳೆದ ನೀರು.
ಅಲೆಯ ತುದಿ ಹಲ್ಲುಜ್ಜಿ ಉಗುಳಿದ ಹಾಗೆ.
ನಗೆಯೆದ್ದಿತು, ವೆಲ್ಟಾ ಟೀಚರು ಕಣ್ಣು ಬಿಟ್ಟರು,
ಅಗ್ನೆಸೆ ಮಾತ್ರ "ಸರಿ, ಅದೂ ಬಿಳಿಯೇ" ಅಂದಳು.

ಹಿಂದಿನ ಸಾಲಿನಲ್ಲಿ ರೆನಾರ್ಸ್ ಎಂಬ ಹುಡುಗ.
ಹೆಸರನ್ನು ಜಾಕೆಟ್ಟಿಗೆ ಹೊಲಿದಿದ್ದರು, ಬಲೆಯ ನೈಲಾನು ದಾರದಲ್ಲಿ.
ಅವನ ಕಾಗದ ಖಾಲಿ.
"ನಿನಗೇನು ಕಾಣಿಸುತ್ತೆ?"
ತುಂಬ ಹೊತ್ತು ಮೂಗು ಒರೆಸಿಕೊಂಡ.
"ಗಂಟು ತಪ್ಪು," ಅಂದ.
"ಈ ಬಲೆ ಎಳೆದರೆ ಬಿಚ್ಚಿಕೊಳ್ಳುತ್ತೆ.
ಮೀನೆಲ್ಲ ಹೋಗುತ್ತೆ. ಇವರು ಸುಮ್ಮನೆ ಒದ್ದೆಯಾಗ್ತಿದ್ದಾರೆ."

ಅಗ್ನೆಸೆ ಗೋಡೆಯ ಫಲಕ ನೋಡಿದಳು.
ಕಲಾವಿದ ಹುಟ್ಟಿದ್ದು, ಸತ್ತದ್ದು, ಪದಕ ಗೆದ್ದದ್ದು;
ಗಂಟಿನ ಸುದ್ದಿಯಿಲ್ಲ.
ಯಾಕೆ ತಿರುಗಿದಳೋ, ನನ್ನತ್ತ ತಿರುಗಿ ಕೇಳಿದಳು:
"ಮಿರ್ಡ್ಜಾ, ಹೌದಾ?"

ಹೌದು.
ಇಪ್ಪತ್ತಾರು ವರ್ಷ ಬಂದರಿನ ಸಹಕಾರಿಯಲ್ಲಿ
ಬಲೆ ಹೆಣೆದ ಬೆರಳು ಇವು.
ಕೆಲಸಕ್ಕೆ ಸೇರಿದ ಮೊದಲ ದಿನವೇ ಕಂಡಿತ್ತು,
ಊಟದ ಡಬ್ಬಿ ಬಿಚ್ಚುವ ಮೊದಲೇ.
ಹೇಳಲಿಲ್ಲ. ಕುರ್ಚಿಯನ್ನು ಯಾರು ಏನು ಕೇಳುತ್ತಾರೆ?

ಎದ್ದೆ. ಮೊಣಕಾಲು ಲಟಕ್ಕೆಂದಿತು.
ಒಬ್ಬಳು ಬೂಟಿನ ದಾರ ಬಿಚ್ಚಿ ಕೊಟ್ಟಳು, ಇನ್ನೊಬ್ಬ ಇನ್ನೊಂದು.
ಹೀಗಲ್ಲ, ಕಣ್ಣಿನೊಳಗಿಂದ ಮೇಲೆ ಬಾ,
ಕೊರಳ ಹಿಂದೆ ಸುತ್ತು, ನಿನ್ನದೇ ಅಡಿಗೆ ನುಸುಳು, ಈಗ ಎಳೆ.
ಇಪ್ಪತ್ತಮೂರು ತಲೆ ನನ್ನ ಕೈಯ ಮೇಲೆ ಬಗ್ಗಿದವು,
ಸೋಪಿನ ವಾಸನೆ, ಹೊಗೆಮೀನಿನ ವಾಸನೆ.
ರೆನಾರ್ಸ್ ಪಕ್ಕದವನ ಗಂಟು ಬಿಚ್ಚಿ ಮತ್ತೆ ಹಾಕಿಸಿದ,
ಅವರಪ್ಪನ ಗದರಿಕೆಯ ಸಮೇತ.
ಆ ಹೊತ್ತಿನಲ್ಲಿ ಯಾರಾದರೂ ಚಿತ್ರ ಮುಟ್ಟಿರಬಹುದು.
ನಾನು ಅತ್ತ ನೋಡುತ್ತಿರಲಿಲ್ಲ.

ಹನ್ನೊಂದೂವರೆಗೆ ಬಸ್ಸು. ಅರ್ಧ ಮಕ್ಕಳ ಬೂಟು ಸಡಿಲ,
ದಾರವೆಲ್ಲ ಗಂಟಾಗಿ ಜೇಬಿನಲ್ಲಿ.
ವೆಲ್ಟಾ ಟೀಚರು ಎರಡು ಸಲ ತಲೆ ಎಣಿಸಿದರು.
ಕೈಗವಸು ಕಿಟಕಿಯ ಕಟ್ಟೆಯ ಮೇಲೆ ಉಳಿಯಿತು.

ಐವರು ಇನ್ನೂ ಎಳೆಯುತ್ತಿದ್ದಾರೆ.
ಪಾಪ, ಅವರಿಗೆ ಯಾರೂ ಹೇಳಿಲ್ಲ.
ಚೌಕಟ್ಟಿನ ಚಿನ್ನದ ಮೆರುಗಿನ ಮೇಲೆ, ಗಿಡ್ಡ ಎತ್ತರದಲ್ಲಿ,
ಒಂದು ಬೆರಳಿನ ಗುರುತು.
ಒರೆಸುವ ಬಟ್ಟೆ ಜೇಬಿನಲ್ಲೇ ಇತ್ತು.
ಗುರುವಾರ ಒರೆಸಿದರಾಯಿತು.